ಮಾತ್ರೆಯೂ ಬೆಳಗಿನ ಕಾಫಿಯೂ

ನಮ್ಮ ಮನೆಯಾಕೆ ಥೈರಾಯ್ಡ್ ಮಾತ್ರೆ ನುಂಗತೊಡಗಿ 6 ವರ್ಷವಾಯಿತು. ಹೋದ ವರ್ಷದ ರಕ್ತಪರೀಕ್ಷೆಯಲ್ಲಿ ಟಿ.ಎಸ್.ಎಚ್. ಏರಿತ್ತು. ಥೈರಾಕ್ಸಿನ್ ಸಾಲದಾದಾಗ ಪಿಟ್ಯುಟರಿ ಗ್ರಂಥಿ ಹಾಕುವ ಕೂಗು ಅದು. ಪ್ರಮಾಣ ಹೆಚ್ಚಿಸುವ ಮುನ್ನ ವೈದ್ಯರು ಕೇಳಿದರು: “ಮಾತ್ರೆ ಹೇಗೆ ತೆಗೆದುಕೊಳ್ಳುತ್ತೀರಿ?”

“ಬೆಳಗಿನ ಕಾಫಿ ಜತೆಗೆ.”

ಪಕ್ಕದಲ್ಲಿದ್ದ ನನಗೆ ಮುಖವೆತ್ತಲಾಗಲಿಲ್ಲ. 28 ವರ್ಷ ಮಕ್ಕಳಿಗೆ ನಿರ್ನಾಳ ಗ್ರಂಥಿಗಳ ಪಾಠ ಹೇಳಿದ ಮೇಷ್ಟ್ರು ನಾನು. ದಿನವೂ ಎದುರಿಗೆ ಕೂತು ಅದೇ ಕಾಫಿ ಕುಡಿದವನೂ ನಾನೇ.

ಈ ಔಷಧ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಿಂದ. ಜತೆಗೆ ತಿಂಡಿಯೋ ಕಾಫಿಯೋ ಇದ್ದರೆ ಒಳಸೇರುವ ಪಾಲು ಕಡಿಮೆ. ಮಾತ್ರೆಯಲ್ಲಿರುವುದೇ ಕೆಲವು ಮೈಕ್ರೊಗ್ರಾಂ. ಅದರಲ್ಲಿ ಸೋರಿಹೋದರೆ ಉಳಿಯುವುದೇನು? ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆಯ ಅಂತರವಿರಲಿ. ಅವು ಔಷಧವನ್ನು ಕರುಳಲ್ಲೇ ಹಿಡಿದಿಟ್ಟುಬಿಡುತ್ತವೆ.

ಐದಕ್ಕೆದ್ದು ಮಕ್ಕಳ ಡಬ್ಬಿ ಕಟ್ಟುವ ತಾಯಂದಿರಿಗೆ ಕಾಫಿಯಿಲ್ಲದ ಒಂದು ಗಂಟೆ ಸಣ್ಣ ಮಾತಲ್ಲ. ವೈದ್ಯರನ್ನು ಕೇಳಿ ರಾತ್ರಿಗೂ ಬದಲಿಸಿಕೊಳ್ಳಬಹುದು. ನೆದರ್ಲೆಂಡ್ಸಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಲಗುವಾಗ ಮಾತ್ರೆ ತೆಗೆದುಕೊಂಡ ತಿಂಗಳುಗಳಲ್ಲಿ ರೋಗಿಗಳ ಟಿ.ಎಸ್.ಎಚ್. ಇನ್ನಷ್ಟು ಇಳಿದಿತ್ತು. ಊಟವಾಗಿ 3 ಗಂಟೆ ಕಳೆದಿರಬೇಕು, ಅಷ್ಟೆ. ನಮ್ಮಲ್ಲಿ ಊಟವೇ ಒಂಬತ್ತೂವರೆಗೆ; ಅದು ಒಗ್ಗಲಿಲ್ಲ.

ಈಗ ಆಕೆ ಎದ್ದೊಡನೆ ಮಾತ್ರೆ ನುಂಗುತ್ತಾಳೆ. ಡಿಕಾಕ್ಷನ್ ಇಳಿಸುವುದು ನನ್ನ ಕೆಲಸ, ಗಡಿಯಾರ ನೋಡಿ ಒಂದು ಗಂಟೆಯ ಮೇಲೆಯೇ. ಎರಡು ತಿಂಗಳ ಬಳಿಕ ಟಿ.ಎಸ್.ಎಚ್. ಮಿತಿಯೊಳಗೆ ಬಂತು. ಮಾತ್ರೆ ಮಾತ್ರ ಹಳೆಯದೇ.