ಬ್ರೌಸರಿನ್ಯಾಗಿನ ಕರಿಕಿ

ಅತ್ತಿಯವರ ಪೆನ್ಶನ್ ನೋಡೂದು ನಮ್ಮ ಮನಿ ಕಂಪ್ಯೂಟರಿನ್ಯಾಗನ. ಹೋದ ವಾರ ಕ್ರೋಮ್ ತಗದ್ರ ಗೂಗಲ್ ಬದಲಿ ಬ್ಯಾರೆ ಯಾವುದೋ ಹುಡುಕೋ ಪುಟ, ತುಂಬ ಜಾಹೀರಾತು. ಮೂರು ಚುಕ್ಕಿ ಒತ್ತಿ ಎಕ್ಸ್‌ಟೆನ್ಶನ್ಸ್ ನೋಡಿದೆ. ಕೂಪನ್ ಹುಡುಕೂದು ಒಂದು, ಪಿಡಿಎಫ್ ಮಾಡೂದು ಒಂದು. ಎರಡಕ್ಕೂ ಎಲ್ಲಾ ವೆಬ್‌ಸೈಟಿನ ಮಾಹಿತಿ ಓದಿ ಬದಲಿಸೋ ಪರವಾನಗಿ! ಎಲ್ಲಾ ಅಂದ್ರ ಬ್ಯಾಂಕಿಂದೂ ಬಂತಲ್ರೀ ಅಕ್ಕಾರ.

ಬರೇ ಆಫ್ ಮಾಡಿದ್ರ ಅಲ್ಲೇ ಕೂತಿರ್ತಾವ, 'ರಿಮೂವ್' ಒತ್ತಬೇಕು. ಅಷ್ಟಾದ್ರೂ ಕರಿಕಿಯಂಗ ಬೇರು ಉಳೀತದ. ಸೆಟ್ಟಿಂಗ್ಸ್‌ನ್ಯಾಗ 'ರೀಸೆಟ್' ಕೊಟ್ಟ ಮ್ಯಾಲೆ ಗೂಗಲ್ ತಿರುಗಿ ಬಂತು. ಹೆದರಬ್ಯಾಡ್ರಿ, ಬುಕ್‌ಮಾರ್ಕು, ಉಳಿಸಿಟ್ಟ ಪಾಸ್‌ವರ್ಡು ಹೋಗಂಗಿಲ್ಲ. ಲಾಗಿನ್ ಮಾತ್ರ ಮತ್ತ ಮಾಡಬೇಕಾಗ್ತದ. ಡೌನ್‌ಲೋಡ್ಸ್‌ನ್ಯಾಗ ಬಿದ್ದಿದ್ದ ಇನ್‌ಸ್ಟಾಲ್ ಫೈಲು, ಅದರ ಜೋಡಿ ಬಂದಿದ್ದ ಪ್ರೋಗ್ರಾಮು ಎರಡನ್ನೂ ತಗದೆ. ಬ್ಯಾಂಕಿನ ಪಾಸ್‌ವರ್ಡ್ ಕಡೀಕ ಬದಲಿಸಿದ್ವಿ. ಮೊದಲ ಬದಲಿಸಿದ್ರ ಹೊಸಾದೂ ಅವುಗಳ ಕಣ್ಣಿಗೆ ಬೀಳ್ತಿತ್ತಲ್ರೀ.