ಒಂಟಿಗಣ್ಣಿನ ಗಂಡುಜೇನು

ನಜರ್‌ಬಾದಿನ ಹೆಸರಿನಲ್ಲೇ ನೋಟವಿದೆ. ನಜರ್ ಎಂದರೆ ದೃಷ್ಟಿ. ಟಿಪ್ಪು ಸುಲ್ತಾನ ಮೈಸೂರಿನ ಹಳೆಯ ಕೋಟೆ ಕೆಡವಿಸಿ, ಆ ಕಲ್ಲುಗಳನ್ನೇ ಹೊರಿಸಿ ತಂದು ಇಲ್ಲೊಂದು ಹೊಸ ಕೋಟೆ ಕಟ್ಟಿಸಹೊರಟಿದ್ದ. 1799ರಲ್ಲಿ ಅವನು ಮಡಿದ ಮೇಲೆ ಕಲ್ಲುಗಳು ಬಂದ ದಾರಿಯಲ್ಲೇ ಹಿಂದಿರುಗಿದವು. ಹೆಸರು ಮಾತ್ರ ಉಳಿಯಿತು. ಈಗ ಅಲ್ಲಿರುವುದು ಪೊಲೀಸ್ ಕಮಿಷನರ್ ಕಚೇರಿ, ಮೈಲಾರಿ ದೋಸೆಗೆ ಕಾದು ನಿಂತ ಜನ, ಒಂದಕ್ಕೊಂದು ಭುಜ ಕೊಟ್ಟ ತಾರಸಿಗಳು. ಹೊಸ ಮನೆಗೆ ಯಾರ ಕಣ್ಣು ಬೀಳುತ್ತದೋ ಎಂದು ಬೂದುಗುಂಬಳ ಕಟ್ಟುವ ಊರು ಇದು. ಇಂಥ ಕಡೆ ಹಾರುವ ಕಣ್ಣೊಂದನ್ನು ಸಾಕಿಕೊಂಡವನ ಪಾಡು ಏನಾಗಬೇಡ?

ಅಂಥವನೊಬ್ಬ ಭಾನುವಾರ ಬೆಳಿಗ್ಗೆ ತಾರಸಿಯಲ್ಲಿ ಕೂತು ತನ್ನ ಡ್ರೋನಿನ ರೆಕ್ಕೆ ಬದಲಿಸುತ್ತಿದ್ದ. ಹಾರಿಸುವ ಯೋಚನೆಯೂ ಇರಲಿಲ್ಲ. ಪಕ್ಕದ ತಾರಸಿಯಲ್ಲಿ ಸಂಡಿಗೆ ಇಡುತ್ತಿದ್ದ ಅಜ್ಜಿ ಸೆರಗು ಸರಿಮಾಡಿಕೊಂಡು ಕೇಳಿದರು: “ಏನ್ ಮರಿ ಅದು, ಕಣ್ಣಿದ್ಯಾ ಅದಕ್ಕೆ?”

“ಇದೆ ಅಜ್ಜಿ, ಒಂದೇ ಕಣ್ಣು.”

“ಒಂದು ಸಾಲದಾ?”

ಉತ್ತರ ಹೊಳೆಯದೆ ಅವನು ಪೆಟ್ಟಿಗೆ ಮುಚ್ಚಿದ.

ಆ ಯಂತ್ರದ ತೂಕ 249 ಗ್ರಾಂ. ಕಾಲು ಕೆ.ಜಿ. ಕಾಫಿಪುಡಿ ಪೊಟ್ಟಣಕ್ಕಿಂತ ಒಂದು ಗ್ರಾಂ ಕಡಿಮೆ. ಅದು ಕಾಕತಾಳೀಯವಲ್ಲ. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ‘ನ್ಯಾನೊ’. ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರ ಬೇಡ. ಹಾಗೆಂದು ಮನಸ್ಸು ಬಂದಲ್ಲಿ ಬಿಡುವಂತಿಲ್ಲ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆಕಾಶಕ್ಕೂ ಹಸಿರು, ಹಳದಿ, ಕೆಂಪು ಎಂಬ ಬಣ್ಣಗಳಿವೆ. ಹಸಿರಿನಲ್ಲೂ ಮಿತಿ 400 ಅಡಿ. ವಿಮಾನ ನಿಲ್ದಾಣದ ಹತ್ತಿರಹತ್ತಿರಕ್ಕೆ ಬಂದಂತೆ ಅದೂ ಕುಗ್ಗುತ್ತದೆ. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಅರಮನೆ, ಮೃಗಾಲಯ, ಕಮಿಷನರ್ ಕಚೇರಿ ಎಲ್ಲವನ್ನೂ ಮಗ್ಗುಲಲ್ಲಿಟ್ಟುಕೊಂಡ ನಜರ್‌ಬಾದಿನಲ್ಲಿ ಬುದ್ಧಿಯಿರುವ ಹವ್ಯಾಸಿ ಪೆಟ್ಟಿಗೆಯನ್ನು ಕಾರಿಗೆ ಹಾಕಿಕೊಂಡು ಊರಾಚೆ ಹೋಗುತ್ತಾನೆ.

ಅಲ್ಲಿದೆ ಸುಖ. ಸೂರ್ಯ ಹುಟ್ಟಿ ಅರ್ಧ ಗಂಟೆಯಾಗಿರಬೇಕು, ಗಾಳಿ ಇನ್ನೂ ಎದ್ದಿರಬಾರದು. ಉಪಗ್ರಹಗಳ ಸಂಕೇತ ಕೂಡಿಬರುವವರೆಗೆ ಕಾಯಬೇಕು. ಗಾಳ ಹಾಕಿ ಕೂತವನ ತಾಳ್ಮೆ ಅದು. ಆಮೇಲೆ ರಿಮೋಟಿನ ಎರಡು ಕಡ್ಡಿಗಳ ಮೇಲೆ ಎರಡು ಹೆಬ್ಬೆರಳಿನ ಆಟ. ಎಡಗಡ್ಡಿ ಮೇಲೇರಿಸುತ್ತದೆ, ಇಳಿಸುತ್ತದೆ, ನಿಂತಲ್ಲೇ ತಿರುಗಿಸುತ್ತದೆ. ಬಲಗಡ್ಡಿಯದು ಹಿಂದೆಮುಂದೆ, ಅಕ್ಕಪಕ್ಕ. ಕಲಿಯುವವನು ಬೆವರುವುದು ಡ್ರೋನ್ ಮೂತಿ ತಿರುಗಿಸಿ ತನ್ನ ಕಡೆಗೇ ಬರುವಾಗ: ಬಲಕ್ಕೆ ಒತ್ತಿದರೆ ಅದು ಅವನ ಎಡಕ್ಕೆ ಸರಿಯುತ್ತದೆ. ಕನ್ನಡಿ ನೋಡಿಕೊಂಡು ಬೇರೆಯವರಿಗೆ ಕ್ಷೌರ ಮಾಡಿದ ಹಾಗೆ. ಒಮ್ಮೆ ಕೈ ಕೂಡಿಬಂದರೆ, ತೆಂಗಿನ ತೋಟ ಮೇಲಿನಿಂದ ಚುಕ್ಕಿ ರಂಗೋಲಿ, ಎತ್ತಿನ ನೆರಳು ಎತ್ತಿಗಿಂತ ಉದ್ದ, ಕೆರೆಯ ಏರಿ ಹೆಣ್ಣುಮಕ್ಕಳ ಕಾಡಿಗೆ ಗೆರೆ. ನಡುವೆ ಹದ್ದೊಂದು ಸುತ್ತುಹಾಕಿದರೆ ಮರ್ಯಾದೆಯಿಂದ ಇಳಿಸುವುದೇ ಲೇಸು. ಆ ಆಕಾಶದಲ್ಲಿ ಹದ್ದೇ ಹಿರಿಯ. ಬ್ಯಾಟರಿ ಹೇಗೂ ಅರ್ಧ ಗಂಟೆಯದು.

ಅಂದ ಹಾಗೆ, ಇಂಗ್ಲಿಷಿನ ‘ಡ್ರೋನ್’ ಪದದ ಮೂಲಾರ್ಥ ಗಂಡುಜೇನು. ಗಂಡುಜೇನಿಗೆ ಕೊಂಡಿಯಿಲ್ಲ. ಅಜ್ಜಿಗೆ ಇದನ್ನು ಹೇಳಿದರೆ, ಚುಚ್ಚೋದು ಬೇರೆ ನೋಡೋದು ಬೇರೆ ಎಂದಾರು.

ನೋಡುವುದಾದರೂ ಎಷ್ಟು? ಲೆಕ್ಕ ಸುಲಭ. ಇಂಥ ಡ್ರೋನುಗಳಲ್ಲಿ ಸಾಮಾನ್ಯವಾಗಿರುವ ವಿಶಾಲ ಕೋನದ ಮಸೂರ 60 ಮೀಟರ್ ಎತ್ತರದಿಂದ ನೆಲ ನೋಡಿದರೆ ಸುಮಾರು 90 ಮೀಟರ್ ಅಗಲ ಚಿತ್ರಕ್ಕೆ ಸಿಗುತ್ತದೆ. ಚಿತ್ರದ ಅಗಲ 4000 ಚುಕ್ಕೆ ಎಂದುಕೊಂಡರೆ ಒಂದು ಚುಕ್ಕೆಗೆ ಎರಡೂಕಾಲು ಸೆಂಟಿಮೀಟರ್. ಮನುಷ್ಯನ ಮುಖಕ್ಕೆ ಏಳೋ ಎಂಟೋ ಚುಕ್ಕೆ. ಎದುರುಮನೆಯ ಮೊದಲ ಮಹಡಿ ಕಿಟಕಿಗೆ ಇದಕ್ಕಿಂತ ಚೆನ್ನಾಗಿ ಕಾಣುತ್ತದೆ, ಸದ್ದೂ ಮಾಡುವುದಿಲ್ಲ. ಆದರೆ ಅದೇ ಯಂತ್ರ ಹತ್ತು ಮೀಟರಿಗೆ ಇಳಿದರೆ ಮುಖಕ್ಕೆ ನಲವತ್ತಕ್ಕೂ ಹೆಚ್ಚು ಚುಕ್ಕೆ. ದೂರದ್ದನ್ನು ಹತ್ತಿರ ತರುವ ಮಸೂರದ ಡ್ರೋನುಗಳೂ ಇವೆ. ಅಜ್ಜಿಯ ಅನುಮಾನ ಪೂರ್ತಿ ಹುಸಿಯಲ್ಲ.

ಹೊಸದೂ ಅಲ್ಲ. 1888ರಲ್ಲಿ ಕೊಡಕ್ ಕ್ಯಾಮೆರಾ ಕೈಗೆ ಬಂದು ಎರಡೇ ವರ್ಷಕ್ಕೆ ಅಮೆರಿಕದ ಬಾಸ್ಟನ್ನಿನ ವಾರನ್ ಮತ್ತು ಬ್ರಾಂಡೈಸ್ ಎಂಬ ವಕೀಲರಿಬ್ಬರು ಖಾಸಗಿತನದ ಹಕ್ಕಿನ ಮೇಲೆ ಬರೆದರು. ದಿಢೀರ್ ಫೋಟೊಗಳ ಹಾವಳಿ ಅವರ ದೂರುಗಳಲ್ಲೊಂದು. ನಮ್ಮಲ್ಲಿ ಆ ಹಕ್ಕಿಗೆ ಅಂಟಿಕೊಂಡಿರುವುದು ಕನ್ನಡ ನಾಡಿನದೇ ಹೆಸರು: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ ಅವರು ಹೂಡಿದ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ಹೇಳಿದರು. ಹೆಂಗಸರ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಕ್ಯಾಮೆರಾ ಕೈಯಲ್ಲಿದ್ದರೂ ಅಷ್ಟೇ, ಗಾಳಿಯಲ್ಲಿದ್ದರೂ ಅಷ್ಟೇ.

ಜನ ಡ್ರೋನಿಗೆ ಹೆದರುತ್ತಾರೆ ಎನ್ನುವುದೂ ಅರ್ಧ ಸತ್ಯ. 2024ರ ದಸರೆಯಲ್ಲಿ ಬನ್ನಿಮಂಟಪದ ಮೇಲೆ 1500 ಡ್ರೋನುಗಳು ಎದ್ದಾಗ ಮೈಸೂರು ಕತ್ತೆತ್ತಿ ಚಪ್ಪಾಳೆ ತಟ್ಟಿತು. ಅದೇ ಡಿಸೆಂಬರ್ 31ರಂದು ಇನ್ಫೋಸಿಸ್ ಆವರಣಕ್ಕೆ ಚಿರತೆ ನುಗ್ಗಿದಾಗ ಅರಣ್ಯ ಇಲಾಖೆ ಡ್ರೋನ್ ಬಿಟ್ಟು ಹುಡುಕಿತು; ಯಾರೂ ಗೊಣಗಲಿಲ್ಲ. ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳನ್ನು ಅಳೆಯುವಾಗಲಂತೂ ಮೇಲಿನ ಕಣ್ಣಿಗೆ ಕಾಣಲೆಂದೇ ಮನೆ ಸುತ್ತ ಸುಣ್ಣದ ಗೆರೆ ಎಳೆಯಲಾಗುತ್ತದೆ. ಯಾರು ಹಾರಿಸುತ್ತಿದ್ದಾರೆ, ಯಾತಕ್ಕೆ ಎನ್ನುವುದು ಅಲ್ಲೆಲ್ಲ ಗೊತ್ತಿತ್ತು. ಬೆಳ್ಳಂಬೆಳಿಗ್ಗೆ ಗುಂಯ್‌ಗುಡುವ ಒಂಟಿ ಡ್ರೋನಿನ ಒಡೆಯ ಯಾವ ಮರದ ಹಿಂದಿದ್ದಾನೋ ಯಾರಿಗೆ ಗೊತ್ತು?

ತಿಂಗಳಾದ ಮೇಲೆ ಅವನು ಅಜ್ಜಿಯನ್ನೂ ಮೊಮ್ಮಗನನ್ನೂ ಕಾರಿನಲ್ಲಿ ಕೂರಿಸಿಕೊಂಡು ಊರಾಚೆಯ ಬಯಲಿಗೆ ಹೋದ. ಡ್ರೋನ್ ಮೇಲೆದ್ದಿತು. ಅಜ್ಜಿ ಕನ್ನಡಕ ಒರೆಸಿಕೊಂಡು ಪರದೆಯಲ್ಲಿ ತಮ್ಮನ್ನು ಹುಡುಕಿದರು. ಸಿಕ್ಕಿದ್ದು ಒಂದು ಕೆಂಪು ಚುಕ್ಕೆ, ಅದೂ ಸೀರೆಯ ಗುರುತಿನಿಂದ.

“ಇಷ್ಟೇನಾ!” ಎಂದರು. ಕೊಂಚ ಬೇಸರವೇ ಆದಂತಿತ್ತು. ಆಮೇಲೆ ಮೆಲ್ಲಗೆ, “ನಮ್ಮ ಹಿತ್ತಲ ತೆಂಗಿನಕಾಯಿ ಬಲಿತಿದ್ಯಾ ಅಂತ ನೋಡ್ಕೊಡ್ತೀಯಾ?”

“ಮನೆ ಹತ್ರ ಬಿಡೋ ಹಾಗಿಲ್ಲ ಅಜ್ಜಿ.”

“ಮತ್ತೆ ಯಾತಕ್ಕಪ್ಪ ಇದು?” ಎನ್ನುತ್ತ ಅಜ್ಜಿ ಕಾರಿನತ್ತ ನಡೆದರು.