ಮಲ್ಪೆಯ ದಕ್ಕೆಯಲ್ಲಿ ಹಳೆಯ ಯಂತ್ರಕ್ಕೆ ಹೊಸ ಕಿವಿ

ಉಡುಪಿ ಪೇಟೆಯಿಂದ ಪಡುವಣಕ್ಕೆ ಆರೇಳು ಕಿಲೋಮೀಟರ್ ಸಾಗಿದರೆ ಮಲ್ಪೆ. ಬಸ್ಸಿನಿಂದ ಇಳಿಯುವ ಪ್ರವಾಸಿಗರಲ್ಲಿ ಹೆಚ್ಚಿನವರು ನೇರ ಮರಳ ದಂಡೆಗೆ ನಡೆಯುತ್ತಾರೆ. ಹವೆ ಚೆನ್ನಾಗಿದ್ದರೆ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಶಿಲಾಕಂಬಗಳನ್ನು ನೋಡಿ ಮರಳುತ್ತಾರೆ. ಮೀನಿನ ವಾಸನೆಗೆ ಹೆದರಿ ಬಂದರಿನ ಕಡೆ ತಿರುಗುವವರು ಕಡಿಮೆ. ಆದರೆ ಮಕ್ಕಳಿಗೆ ಒಂದಿಷ್ಟು ವಿಜ್ಞಾನವನ್ನೂ ತೋರಿಸಬೇಕೆಂದಿರುವ ತಂದೆತಾಯಿಗಳು ಮೂಗಿಗೆ ಕರವಸ್ತ್ರ ಹಿಡಿದಾದರೂ ದಕ್ಕೆಯತ್ತ ಹೋಗಿಬರಬೇಕು. ಅದಕ್ಕೆ ಜುಲೈ ತಿಂಗಳ ಕೊನೆಯ ವಾರ ತಕ್ಕ ಸಮಯ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಯಿಡುವ ಕಾಲ, ಕಡಲೂ ಒರಟು. ಆಗ ಬೋಟುಗಳು ಒಂದಕ್ಕೊಂದು ತಾಗಿಕೊಂಡು, ಒಂದರ ಮೇಲಿಂದ ಇನ್ನೊಂದಕ್ಕೆ ದಾಟಿ ನಡೆಯಬಹುದಾದಷ್ಟು ಒತ್ತಾಗಿ ನಿಂತಿರುತ್ತವೆ. ರಜೆ ಮುಗಿಯುತ್ತ ಬಂದಂತೆ ದಕ್ಕೆಗೆ ಜೀವ ಬರುತ್ತದೆ. ಒಬ್ಬ ಬಲೆ ಹೆಣೆಯುತ್ತಾನೆ, ಇನ್ನೊಬ್ಬ ಬಣ್ಣ ಬಳಿಯುತ್ತಾನೆ, ಮತ್ತೊಬ್ಬ ಕ್ಯಾಬಿನ್ನಿನ ಮಾಡಿನ ಮೇಲೆ ಹತ್ತಿ ಅಣಬೆಯಂಥ ಒಂದು ಬಿಳಿಯ ವಸ್ತುವನ್ನು ಕೊಳವೆಗೆ ತಿರುಪುತ್ತಿರುತ್ತಾನೆ. ಈ ಬಿಳಿಯ ಅಣಬೆಯ ಹಿಂದೆ ಒಂದು ಕಥೆಯಿದೆ.

ಕ್ಯಾಬಿನ್ನಿನೊಳಗೆ ಚುಕ್ಕಾಣಿಯ ಮುಂದೆ ವಯರ್‌ಲೆಸ್, ಮೀನು ತೋರಿಸುವ ಫಿಶ್ ಫೈಂಡರ್, ಅದರ ಪಕ್ಕದಲ್ಲಿ ಕಡಲಿನ ನಕ್ಷೆ ತೋರಿಸುವ ಪೆಟ್ಟಿಗೆ. ಮೀನುಗಾರರು ಅದನ್ನು ಜಿಪಿಎಸ್ ಎಂದೇ ಕರೆಯುತ್ತಾರೆ. ಸರಿಯಾದ ಹೆಸರು ಚಾರ್ಟ್ ಪ್ಲಾಟರ್. ತಾನು ಎಲ್ಲಿದ್ದೇನೆಂಬುದು ಈ ಪೆಟ್ಟಿಗೆಗೆ ತಾನಾಗಿ ತಿಳಿಯದು. ಮಾಡಿನ ಮೇಲಿನ ಆಂಟೆನಾ ಉಪಗ್ರಹಗಳ ದನಿ ಕೇಳಿ ತಂತಿಯ ಮೂಲಕ ಕೆಳಕ್ಕೆ ಕಳುಹಿಸಿದರೆ ಮಾತ್ರ ನಕ್ಷೆಯ ಮೇಲೆ ಬೋಟಿನ ಚುಕ್ಕೆ ಮೂಡುತ್ತದೆ. ಪೆಟ್ಟಿಗೆ ಮಾಡಿನಡಿ ಬೆಚ್ಚಗಿರುತ್ತದೆ. ಆಂಟೆನಾ ಮಾತ್ರ ಬಿಸಿಲು, ಮಳೆ, ಉಪ್ಪುಗಾಳಿ ಎಲ್ಲವನ್ನೂ ತಿನ್ನುತ್ತದೆ. ಹಾಗಾಗಿ ಮೊದಲು ಕೆಡುವುದೂ ಅದೇ. ಕೆಟ್ಟಾಗ ಅಂಗಡಿಯಲ್ಲಿ ವಿಚಾರಿಸಿದರೆ, ಆ ಮಾದರಿ ಬರುವುದು ನಿಂತು ವರ್ಷಗಳೇ ಆಗಿರುತ್ತವೆ.

"ಹೊಸ ಸೆಟ್ಟನ್ನೇ ತರುವ ಅಪ್ಪ" ಎನ್ನುತ್ತಾನೆ ಕಾಲೇಜಿಗೆ ಹೋಗುವ ಮಗ. ತಾಂಡೇಲನ ಉತ್ತರ ತುಳುವಿನಲ್ಲಿ ಬರುತ್ತದೆ. ಕನ್ನಡದಲ್ಲಿ ಹೇಳುವುದಾದರೆ, "ಹೊಸತರಲ್ಲಿ ಸಮುದ್ರ ಉಂಟು ಮಾರಾಯ, ನಮ್ಮ ಜಾಗಗಳು ಇಲ್ಲ."

ವಿಷಯ ಇರುವುದು ಇಲ್ಲೇ. ಹಳೆಯ ಪೆಟ್ಟಿಗೆಯ ನೆನಪಿನಲ್ಲಿ ನೂರಾರು ಗುರುತುಗಳಿವೆ. ಯಾವ ಕಲ್ಲಿಗೆ ಬಲೆ ಸಿಕ್ಕಿ ಹರಿದಿತ್ತು, ಎಲ್ಲಿ ಮುಳುಗಿದ ಹಡಗಿನ ಕಬ್ಬಿಣ ಬಿದ್ದಿದೆ, ಯಾವ ತಿಂಗಳಲ್ಲಿ ಎಲ್ಲಿ ಮೀನು ದೊರೆಯಿತು ಎಂಬುದೆಲ್ಲ ಬೆವರು ಸುರಿಸಿ, ಡೀಸೆಲ್ ಸುಟ್ಟು ಗಳಿಸಿದ ಆಸ್ತಿ. ಹಿಂದಿನ ತಲೆಮಾರಿನವರು ಕುದುರೆಮುಖದ ಶಿಖರ, 1901ರ ಕಾಪು ದೀಪಸ್ತಂಭ ಇಂಥ ಗುರುತುಗಳನ್ನು ಕಣ್ಣಳತೆಯಲ್ಲಿ ಹೊಂದಿಸಿಕೊಂಡು ಜಾಗ ನೆನಪಿಡುತ್ತಿದ್ದರು. ಆ ನೆನಪು ಮನುಷ್ಯನೊಡನೆ ಹೋಗುತ್ತಿತ್ತು. ಈಗಿನದು ಪೆಟ್ಟಿಗೆಯೊಡನೆ ಹೋಗುತ್ತದೆ. ಹಲವು ಹಳೆಯ ಯಂತ್ರಗಳಲ್ಲಿ ಈ ಗುರುತುಗಳನ್ನು ಕಾಯುವುದು ಒಳಗಿನ ಒಂದು ಚಿಕ್ಕ ಲಿಥಿಯಮ್ ಸೆಲ್. ಅದು ಸತ್ತರೆ ಎಲ್ಲವೂ ಅಳಿದಂತೆ. ಆದ್ದರಿಂದ ತಿಳಿದವರು ಆಂಟೆನಾಕ್ಕೆ ಕೈ ಹಾಕುವ ಮೊದಲು ಎಲ್ಲ ಗುರುತುಗಳನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ.

ಇಳಿಸಿಕೊಳ್ಳುವಾಗ ಎಚ್ಚರ ಬೇಕು. ಮಲ್ಪೆ ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿ 21 ನಿಮಿಷ, ಪೂರ್ವ ರೇಖಾಂಶ 74 ಡಿಗ್ರಿ 42 ನಿಮಿಷದ ಸುಮಾರಿಗೆ. ಅವಸರದಲ್ಲಿ ಯಾರಾದರೂ 13.21, 74.42 ಎಂದು ಬರೆದು, ಮುಂದೆ ಅದನ್ನೇ ದಶಮಾಂಶವೆಂದು ಒತ್ತಿದರೆ ಮಲ್ಪೆ ಬಂದರು ಕಾಪುವಿಗೆ ಎದುರಾಗಿ, ದಡದಿಂದ 30 ಕಿಲೋಮೀಟರಿಗೂ ಹೆಚ್ಚು ದೂರದ ನೀರಿನಲ್ಲಿ ತೇಲುತ್ತದೆ! ಒಂದು ಡಿಗ್ರಿಗೆ 60 ನಿಮಿಷ, ಅಕ್ಷಾಂಶದ ಒಂದು ನಿಮಿಷಕ್ಕೆ ಒಂದು ನಾಟಿಕಲ್ ಮೈಲು, ಅಂದರೆ 1,852 ಮೀಟರ್. ವಿದ್ಯಾರ್ಥಿಗಳು ಭೂಪಟ ಇಟ್ಟುಕೊಂಡು ಲೆಕ್ಕ ಮಾಡಿ ನೋಡಬಹುದು.

ಇನ್ನು ಜೋಡಣೆಯ ಕೆಲಸ. ಹೊರನೋಟಕ್ಕೆ ಒಂದೇ ತೆರನಾಗಿ ಕಂಡರೂ ಆಂಟೆನಾಗಳಲ್ಲಿ ಎರಡು ಜಾತಿ. ಒಂದು ಕೇವಲ ಕಿವಿ. ಉಪಗ್ರಹದ ಅಲೆಯನ್ನು ಹಿಡಿದು, ಸ್ವಲ್ಪ ಬಲಪಡಿಸಿ, ಕೇಬಲ್ಲಿಗೆ ಬಿಡುತ್ತದೆ. ಲೆಕ್ಕವೆಲ್ಲ ಪೆಟ್ಟಿಗೆಯೊಳಗಿನ ರಿಸೀವರಿನದು. ಇನ್ನೊಂದಕ್ಕೆ ಕಿವಿಯ ಜೊತೆ ಮಿದುಳು, ಬಾಯಿ ಎರಡೂ ಉಂಟು. ಲೆಕ್ಕ ತಾನೇ ಮುಗಿಸಿ, ಅಕ್ಷಾಂಶ ರೇಖಾಂಶಗಳನ್ನು ಅಕ್ಷರ ಅಕ್ಷರವಾಗಿ ತಂತಿಯಲ್ಲಿ ಹೇಳುತ್ತದೆ. ಒಂದನ್ನು ಕೇಳುವ ಪೆಟ್ಟಿಗೆಗೆ ಇನ್ನೊಂದನ್ನು ಸಿಕ್ಕಿಸಿದರೆ ಏನೂ ಆಗದಿರಬಹುದು, ಸುಟ್ಟೂ ಹೋಗಬಹುದು. ಮೊದಲ ಜಾತಿಯದಕ್ಕೆ ಪೆಟ್ಟಿಗೆಯೇ ಕೇಬಲ್ಲಿನ ಮೂಲಕ ಸಾಮಾನ್ಯವಾಗಿ 5 ಅಥವಾ 3.3 ವೋಲ್ಟ್ ಕೊಡುತ್ತದೆ. ಎರಡನೆಯದಕ್ಕೆ ಅನೇಕ ವೇಳೆ ಬ್ಯಾಟರಿಯ 12 ವೋಲ್ಟ್ ಬೇಕು. ಬೋಟಿನಲ್ಲಿರುವುದು 24 ವೋಲ್ಟಿನ ಬ್ಯಾಟರಿಯಾದರೆ ಮತ್ತೊಂದು ತೊಡಕು. ಮಲ್ಟಿಮೀಟರ್ ಹಿಡಿದು ಅಳೆಯದೆ ತಂತಿ ಜೋಡಿಸುವವನು ಎಷ್ಟೇ ಅನುಭವಿಯಾಗಿದ್ದರೂ ನಂಬತಕ್ಕವನಲ್ಲ.

ಬರೀ ಕಿವಿಯಾದರೆ ಕೇಬಲ್ಲಿನದೇ ಚಿಂತೆ. ಉಪಗ್ರಹಗಳಿರುವುದು 20,200 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಇಳಿದು ಬರುವ ಅಲೆಯ ಶಕ್ತಿ, ಒಂದು ವ್ಯಾಟನ್ನು ನೂರು ಕೋಟಿ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲಿನ ಆಸುಪಾಸು. ಸಾಧಾರಣ ತೆಳು ಕೇಬಲ್ಲಿನಲ್ಲಿ ಹತ್ತು ಮೀಟರ್ ಹರಿಯುವಷ್ಟರಲ್ಲಿ ಅದರಲ್ಲೂ ಸುಮಾರು ಐದನೆಯ ನಾಲ್ಕು ಪಾಲು ಸೋರಿಹೋಗುತ್ತದೆ. ಅದಕ್ಕೇ ಆಂಟೆನಾದ ಬುಡದಲ್ಲೇ ವರ್ಧಕವಿರುವುದು. ಜೋಡಣೆಯ ಕಡೆ ಉಪ್ಪುನೀರು ಇಳಿದು ತಾಮ್ರ ಹಸಿರಾದರೆ ಉಳಿದದ್ದೂ ಹೋಯಿತು. ರಬ್ಬರ್ ಟೇಪನ್ನು ಬಿಗಿಯಾಗಿ ಸುತ್ತುವುದರಲ್ಲಿ ಜಿಪುಣತನ ಸಲ್ಲದು.

ಚುರುಕಾದ ಹುಡುಗನೊಬ್ಬ ಇಲ್ಲಿ ಪ್ರಶ್ನೆ ಎತ್ತಬಹುದು. ಹತ್ತು ಮೀಟರ್ ಕೇಬಲ್ ದಾಟಲು ಸಂಕೇತಕ್ಕೆ ಸುಮಾರು 50 ನ್ಯಾನೋ ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಬೆಳಕು 15 ಮೀಟರ್ ಓಡಿರುತ್ತದೆ. ಹಾಗಾದರೆ ಬೋಟಿನ ಜಾಗವೂ 15 ಮೀಟರ್ ತಪ್ಪಬೇಡವೇ? ತಪ್ಪುವುದಿಲ್ಲ. ಎಲ್ಲ ಉಪಗ್ರಹಗಳ ಸಂಕೇತವೂ ಅದೇ ಕೇಬಲ್ಲಿನಲ್ಲಿ ಅಷ್ಟೇ ತಡವಾಗುತ್ತದೆ. ರಿಸೀವರ್ ಬಿಡಿಸುವ ಸಮೀಕರಣದಲ್ಲಿ ಅಜ್ಞಾತಗಳು ನಾಲ್ಕು: ಅಕ್ಷಾಂಶ, ರೇಖಾಂಶ, ಎತ್ತರ, ಮತ್ತು ತನ್ನ ಗಡಿಯಾರದ ತಪ್ಪು. ಕೇಬಲ್ಲಿನ ತಡವೆಲ್ಲ ಗಡಿಯಾರದ ತಪ್ಪಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಬೇಕೆನ್ನುವುದೂ ಈ ನಾಲ್ಕು ಅಜ್ಞಾತಗಳಿಂದಲೇ.

ಬಾಯಿಯುಳ್ಳ ಆಂಟೆನಾದ ತೊಂದರೆ ಬೇರೆ ಬಗೆಯದು. ಅದು ಭಾಷೆಯ ತೊಂದರೆ. ಹಡಗು ದೋಣಿಗಳ ಉಪಕರಣಗಳಿಗಾಗಿ ಅಮೆರಿಕದ ಒಂದು ಸಂಘ 1983ರಲ್ಲಿ ಹೊರತಂದ ನಿಯಮಾವಳಿಗೆ ಎನ್‌ಎಂಇಎ 0183 ಎಂದು ಹೆಸರು. ಅದರ ಪ್ರಕಾರ ಸೆಕೆಂಡಿಗೆ 4,800 ಬಿಟ್. ಒಂದು ಅಕ್ಷರಕ್ಕೆ 10 ಬಿಟ್‌ನಂತೆ ಸೆಕೆಂಡಿಗೆ 480 ಅಕ್ಷರ. ಒಂದು ವಾಕ್ಯ 82 ಅಕ್ಷರ ಮೀರುವಂತಿಲ್ಲ. ಹಳೆಯ ಪೆಟ್ಟಿಗೆಗೆ ತಿಳಿಯುವುದು ಈ ನಿಧಾನದ ಮಾತು ಮಾತ್ರ. ಹೊಸ ಆಂಟೆನಾಗಳಲ್ಲಿ ಹಲವು ಇದರ ಎರಡರಷ್ಟು, ಎಂಟರಷ್ಟು ವೇಗದಲ್ಲಿ ಮಾತಾಡುತ್ತವೆ. ವೇಗ ತಗ್ಗಿಸಿದರೂ ಮುಗಿಯಲಿಲ್ಲ. ಹಳೆಯದು 'ಜಿಪಿ' ಎಂದು ಶುರುವಾಗುವ ವಾಕ್ಯವನ್ನು ಮಾತ್ರ ಗುರುತಿಸುತ್ತದೆ. ಅಮೆರಿಕದ ಜಿಪಿಎಸ್‌ನೊಡನೆ ರಷ್ಯಾ, ಯುರೋಪುಗಳ ಉಪಗ್ರಹಗಳನ್ನೂ ಬೆರೆಸಿ ಲೆಕ್ಕ ಹಾಕುವ ಹೊಸ ಆಂಟೆನಾ 'ಜಿಎನ್' ಎಂದು ಶುರುಮಾಡುತ್ತದೆ. ಊರಿನ ಹೆಸರು ಸರಿಯಿದ್ದರೂ ಸಂಬೋಧನೆ ತಪ್ಪಿತೆಂದು ಅಜ್ಜ ಮುಖ ತಿರುಗಿಸಿದಂತೆ! ಕೊಳ್ಳುವ ಮೊದಲೇ, 4,800ರ ವೇಗಕ್ಕೆ ಇಳಿಯುತ್ತದೆಯೇ, 'ಜಿಪಿ' ಎನ್ನಲು ಬರುತ್ತದೆಯೇ ಎಂದು ವಿಚಾರಿಸಿಕೊಳ್ಳುವುದು ಜಾಣತನ. ಉಳಿದದ್ದು ಸುಲಭ. ಆಂಟೆನಾದ ಬಾಯಿಯ ತಂತಿ ಪೆಟ್ಟಿಗೆಯ ಕಿವಿಯ ತಂತಿಗೆ, ನೆಲದ ತಂತಿ ನೆಲದ ತಂತಿಗೆ.

ಇಷ್ಟೆಲ್ಲ ಮಾಡಿದರೂ ಆಂಟೆನಾಕ್ಕೆ ಬರುವುದು ಕೇಳುವ ಕೆಲಸವೇ ಹೊರತು ದಡಕ್ಕೆ ಹೇಳುವ ಕೆಲಸವಲ್ಲ. ಇದನ್ನು ಮಲ್ಪೆಯ ಜನ ಮರೆಯಲಾರದ ರೀತಿಯಲ್ಲಿ ಕಂಡಿದ್ದಾರೆ. 2018ರ ಡಿಸೆಂಬರಿನಲ್ಲಿ ಇಲ್ಲಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು 7 ಮಂದಿ ಮೀನುಗಾರರೊಡನೆ ಕಾಣೆಯಾಯಿತು. ನೌಕಾಪಡೆಗೆ ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲಿನಡಿಯಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಜಿಪಿಎಸ್ ಇದ್ದ ಮಾತ್ರಕ್ಕೆ ದಡದಲ್ಲಿರುವವರಿಗೆ ಬೋಟು ಕಾಣಿಸದು. ಅದಕ್ಕೆ ಸಂದೇಶ ಕಳುಹಿಸುವ ಟ್ರಾನ್ಸ್‌ಪಾಂಡರ್ ಬೇರೆಯೇ ಬೇಕು. ಕರಾವಳಿ ರಾಜ್ಯಗಳ ಒಂದು ಲಕ್ಷ ಬೋಟುಗಳಿಗೆ ಅಂಥದ್ದನ್ನು ಅಳವಡಿಸುವ ಕೇಂದ್ರ ಸರ್ಕಾರದ ಯೋಜನೆಗೆ 2024ರ ಆಗಸ್ಟಿನಲ್ಲಿ ಚಾಲನೆ ದೊರೆಯಿತು. ಮಕ್ಕಳನ್ನು ಕರೆದೊಯ್ದವರು ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿ ವ್ಯತ್ಯಾಸ ಹೇಳಿಕೊಡಬಹುದು.

ಜೋಡಣೆಯ ಪರೀಕ್ಷೆ ದಕ್ಕೆಯಲ್ಲೇ ನಡೆಯುತ್ತದೆ. ಸ್ವಿಚ್ ಹಾಕಿ ಹತ್ತಿಪ್ಪತ್ತು ನಿಮಿಷ ಕಾಯಬೇಕು. ಬಹುಕಾಲ ಮಲಗಿದ್ದ ರಿಸೀವರಿಗೆ ಆಕಾಶದಲ್ಲಿ ಯಾವ ಉಪಗ್ರಹ ಎಲ್ಲಿದೆಯೆಂದು ಹೊಸದಾಗಿ ತಿಳಿಯಬೇಕಲ್ಲ. ನಂತರ ನಕ್ಷೆಯ ಮೇಲೆ ಚುಕ್ಕೆ ಮೂಡುತ್ತದೆ. ಹಿಂದೆ ಗುರುತು ಹಾಕಿಟ್ಟಿದ್ದ ಮಲ್ಪೆಯ ಜಾಗಕ್ಕೂ ಈ ಚುಕ್ಕೆಗೂ ತಾಳೆಯಾದರೆ ತಾಂಡೇಲ ತಲೆಯಾಡಿಸುತ್ತಾನೆ. ರಿಸೀವರ್ ಒಳಗೇ ಇರುವ ಕೆಲವು ಹಳೆಯ ಪೆಟ್ಟಿಗೆಗಳಲ್ಲಿ ಜಾಗ ಸರಿಯಾಗಿ ಬಂದರೂ ತಾರೀಕು ಸುಮಾರು ಇಪ್ಪತ್ತು ವರ್ಷ ಹಿಂದಿನದು ಬರುತ್ತದೆ. ಜಿಪಿಎಸ್ ವಾರಗಳನ್ನು 0ಯಿಂದ 1,023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟಿನಲ್ಲಿ ಒಮ್ಮೆ, 2019ರ ಏಪ್ರಿಲಿನಲ್ಲಿ ಇನ್ನೊಮ್ಮೆ ಹೀಗಾಯಿತು. ಅದನ್ನು ಸರಿಪಡಿಸಲು ಯಾರೂ ಹೋಗುವುದಿಲ್ಲ. ತಾರೀಕು ನೋಡಲು ಕ್ಯಾಬಿನ್ನಿನ ಗೋಡೆಯಲ್ಲಿ ಕ್ಯಾಲೆಂಡರ್ ನೇತಾಡುತ್ತಿರುತ್ತದೆ.